ದಣಿದ ಗಾಡಿ ಮುಂದೆ

ರಾಜಶ್ರೀಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದಾಂಡೇಲಿಯಲ್ಲಿ ಅವಳ ಗಿರಣಿಗೆ ಜೋಳ ಬೀಸಿಸಲು ಬರುವವರು ಹೇಳುತ್ತಾರೆ. ಆ ಮಾತು ಪೂರ್ತಿ ಸರಿಯಲ್ಲ. ಮೂಗಿನ ತುದಿಯಲ್ಲಿರುವುದು ಹಿಟ್ಟು. ಸಿಟ್ಟು ಇರುವುದು ಕೊರಳಿನ ಸೀಟಿಯಲ್ಲಿ. ವಾರವಿಡೀ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಒಡೆದುಹೋಗಿದೆ. ಭಾನುವಾರ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಸೈಕಲ್ ಹತ್ತಿದಳೆಂದರೆ ಅವಳ ಬದಲು ಸೀಟಿ ಮಾತಾಡುತ್ತದೆ. ಒಂದು ಸಲ ಊದಿದರೆ ಎಲ್ಲರೂ ಎಡಕ್ಕೆ ಸರಿದು ಒಬ್ಬರ ಹಿಂದೊಬ್ಬರಾಗಬೇಕು. ಎರಡು ಸಲ ಊದಿದರೆ ನಿಲ್ಲಬೇಕು. ಮೂರನೆಯದಕ್ಕೆ ಅರ್ಥವಿಲ್ಲ, ಅದು ಬರೀ ಬೈಗುಳ.

ಕಾಳಿ ಸೈಕಲ್ ಬಳಗದ ಭಾನುವಾರದ ರೈಡುಗಳನ್ನು ನಾಲ್ಕು ವರ್ಷದಿಂದ ನಡೆಸುತ್ತಿರುವವಳು ಅವಳೇ. ಯಾವ ಊರಿಗೆ ಹೋಗುವುದು, ಎಲ್ಲಿ ಚಹಾಕ್ಕೆ ನಿಲ್ಲುವುದು, ಪಂಪು ಯಾರ ಚೀಲದಲ್ಲಿ, ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ರಸ್ತೆಯಲ್ಲಿ ಎಷ್ಟು ಹೊತ್ತಿನ ತನಕ ಇರಬಹುದು, ಎಲ್ಲ ಅವಳೇ ಹೇಳಬೇಕು. ಬಳಗದಲ್ಲಿ ಮೇಷ್ಟ್ರಿದ್ದಾರೆ, ನರ್ಸಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ, ಕಾಗದದ ಕಾರ್ಖಾನೆಯ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಸೇರುವವರಿದ್ದಾರೆ. ಇಷ್ಟು ಜನರನ್ನು ಹಿಡಿದಿಡಲು ಅವಳು ಮಾಡಿದ ಕಟ್ಟಳೆ ಒಂದೇ. ಎಲ್ಲರಿಗಿಂತ ನಿಧಾನ ತುಳಿಯುವವರು ಎಲ್ಲರಿಗಿಂತ ಮುಂದೆ. ಅವರ ಚಕ್ರ ಹೇಗೆ ಉರುಳುತ್ತದೋ ಉಳಿದವರದೂ ಹಾಗೇ. ಗಟ್ಟಿ ಕಾಲಿನವರು ಹಿಂದೆ, ಎಲ್ಲರ ಹಿಂದೆ ಅವಳು.

ಇದನ್ನು ಅವಳು ಕಲಿತದ್ದು ಅಪ್ಪ ಉಳವಪ್ಪನಿಂದ. ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದಿದ್ದ ಆತ ವರ್ಷದ ರಜೆಯನ್ನೆಲ್ಲ ಕೂಡಿಟ್ಟು ತನ್ನ ಊರಿನ ಚಕ್ಕಡಿಗಳ ಜೊತೆ ಉಳವಿ ಜಾತ್ರೆಗೆ ಹೋಗುತ್ತಿದ್ದ. ಸಣ್ಣವಳಿದ್ದಾಗ ರಾಜಶ್ರೀಯೂ ಹುಲ್ಲಿನ ಮೇಲೆ ಕೂತು ಹೋಗುತ್ತಿದ್ದಳು. ಕಾಡಿನ ಏರು ಶುರುವಾಗುವಲ್ಲಿ ಅವರ ಮನೆತನದವರು ಗಾಡಿ ನಿಲ್ಲಿಸಿ, ಎತ್ತುಗಳ ಮೈದಡವಿ ನೋಡಿ, ಹೆಚ್ಚು ದಣಿದ ಜೋಡಿಯ ಗಾಡಿಯನ್ನು ಮುಂದಕ್ಕೆ ಬಿಡುತ್ತಿದ್ದರು. ಸೊಕ್ಕಿದ ಎತ್ತು ಮುಂದಾದರೆ ಸಾಲು ಹರಿಯುತ್ತದೆ, ಸಾಲು ಹರಿದರೆ ಹಿಂದಿನವನ ಗಾಲಿ ಕಳಚಿ ಬಿದ್ದರೂ ಮುಂದಿನವನಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದ ಉಳವಪ್ಪ.

ಬಳಗದ ಮೊಟ್ಟಮೊದಲ ರೈಡಿನಲ್ಲಿ ಆಗಿದ್ದೂ ಅದೇ. ಎಲ್ಲರೂ ಹುರುಪಿನಲ್ಲಿ ಹಳಿಯಾಳ ಮುಟ್ಟಿ, ಮಿರ್ಚಿ ಭಜಿ ತಿಂದು, ಎರಡನೇ ಚಹಾ ಹೇಳಿದ ಮೇಲೆ ಮೌನೇಶ ಮೇಷ್ಟ್ರು ಇಲ್ಲ ಎನ್ನುವುದು ಗೊತ್ತಾಯಿತು. ರಾಜಶ್ರೀ ಹಿಂತಿರುಗಿ ಹೋಗಿ ನೋಡಿದರೆ ಮೇಷ್ಟ್ರು ನಡುಗಾಡಿನಲ್ಲಿ ಪಂಕ್ಚರಾದ ಸೈಕಲ್ ನೂಕಿಕೊಂಡು ಬರುತ್ತಿದ್ದರು. ಫೋನಿಗೆ ಸಿಗ್ನಲ್ ಇಲ್ಲ, ಬಾಟಲಿಯಲ್ಲಿ ನೀರಿಲ್ಲ. ಯಾರನ್ನೂ ಬೈಯಲಿಲ್ಲ ಆ ಮನುಷ್ಯ. ಅವರ ಪಾಲಿನದನ್ನೂ ಸೇರಿಸಿ ರಾಜಶ್ರೀ ಬೈದಳು. ಮುಂದಿನ ಭಾನುವಾರದಿಂದ ದಣಿದ ಗಾಡಿ ಮುಂದೆ ಬಂತು.

ಈಗ ಎರಡು ವರ್ಷದಿಂದ ಆ ಮುಂದಿನ ಜಾಗ ಶಿವವ್ವನದು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವವ್ವ ಐವತ್ತು ದಾಟಿದವಳು. ಮಗಳಿಗೆ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲು ಮಗಳು ಮದುವೆಯಾಗಿ ಹೋದ ಮೇಲೆ ಮೂಲೆ ಸೇರಿತ್ತು, ಅದನ್ನು ತಾನೇ ಹತ್ತಿ ಕಲಿತಳು. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿ, ಬುಟ್ಟಿಯಲ್ಲಿ ರೊಟ್ಟಿಗಂಟು ಇಟ್ಟುಕೊಂಡು ಬರುತ್ತಾಳೆ. ಅವಳ ಹಿಂದೆ ಗೇರಿನ ಸೈಕಲ್ಲಿನವರು ಬ್ರೇಕು ಹಿಡಿದು ಹಿಡಿದು ತುಳಿಯುವುದನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ರಾಜಶ್ರೀಗೆ ಬರುವುದಿಲ್ಲ.

ನಗು ಬಾರದ ಇನ್ನೊಬ್ಬನಿದ್ದ, ಸಾಗರ. ಜೋಯಿಡಾ ರಸ್ತೆಯಲ್ಲಿ ಅವನದೊಂದು ರೆಸಾರ್ಟು. ಬಳಗಕ್ಕೆ ಸೇರಿದ ವರ್ಷವೇ ಅಧ್ಯಕ್ಷನಾದ. ಕೆಟ್ಟವನೇನಲ್ಲ, ಎಲ್ಲರಿಗೂ ಹೆಲ್ಮೆಟ್ ಕೊಡಿಸಿದವನು ಅವನೇ. ಆದರೆ ಅವನ ಕಣ್ಣು ಯಾವಾಗಲೂ ಹ್ಯಾಂಡಲ್ಲಿಗೆ ಕಟ್ಟಿದ ಪುಟ್ಟ ಮೀಟರಿನ ಮೇಲೆ. ಈ ಚಳಿಗಾಲದ ದೊಡ್ಡ ರೈಡು ಹಳಿಯಾಳದ ಮೇಲೆ ಹಾದು ಸಾಂಬ್ರಾಣಿ ಎಂಬ ಹಳ್ಳಿಗೆ ಹೋಗಿ ಬರುವುದೆಂದು ಗೊತ್ತಾದಾಗ ರೆಸಾರ್ಟಿನಲ್ಲಿ ಸಭೆ ಕರೆದ. ಬ್ಯಾನರು, ಹೊಸ ಅಂಗಿ, ಸಾಂಬ್ರಾಣಿಯಲ್ಲಿ ನಾಷ್ಟಾ ಎಲ್ಲ ತನ್ನದು ಅಂದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ವೈನಿ, ಈ ಸಲ ತಾಸಿಗೆ ಇಪ್ಪತ್ತೆರಡು ಕಿಲೋಮೀಟರ್ ಸರಾಸರಿ ಇಡೂಣು. ಅಷ್ಟು ಆಗದವರು ನಮ್ಮ ರೆಸಾರ್ಟಿನ ಗಾಡಿಯೊಳಗ ಬರ್ಲಿ. ಶಿವವ್ವಗ ಅಂಗಿ ಕೊಡೂಣು, ಸಾಂಬ್ರಾಣಿಯೊಳಗ ನಿಂತು ಚಪ್ಪಾಳಿ ಹೊಡೀಲಿ. ಫೋಟೋದಾಗ ಇರ್ತಾಳ."

"ಚಪ್ಪಾಳಿ ಹೊಡ್ಯಾಕ ಆಕಿ ಯಾಕ ಬೇಕ್ರಿ?" ಎಂದಳು ರಾಜಶ್ರೀ. "ಸಾಂಬ್ರಾಣಿ ಆಕಿ ತವರುಮನಿ. ಸೈಕಲ್ ಮ್ಯಾಲೆ ತವರಿಗೆ ಹೋಗ್ತೇನಿ ಅಂತ ವರ್ಷದಿಂದ ತುಳಿಯಾಕತ್ತಾಳ. ಶಿವವ್ವಕ್ಕ ಮುಂದ ಇರದ ರೈಡು ನಾ ನಡಸಂಗಿಲ್ಲ."

"ಬ್ಯಾರೆ ಯಾರರ ನಡಸ್ತಾರ."

"ನಡಸ್ಲಿ."

ಮೌನೇಶ ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಉಳಿದವರು ಭಜಿ ತಿನ್ನುತ್ತ ತಟ್ಟೆ ನೋಡಿದರು. ರಾಜಶ್ರೀ ಕೊರಳಿನ ಸೀಟಿ ತೆಗೆದು ಆ ಭಜಿಯ ತಟ್ಟೆಯಲ್ಲೇ ಇಟ್ಟು ಎದ್ದು ಬಂದಳು. ಅದನ್ನು ಔಷಧಿ ಅಂಗಡಿಯ ಶರಣಬಸವನಿಗೆ ಕೊಟ್ಟರಂತೆ. ಅವನು ಅದರ ಎಣ್ಣೆ ಒರೆಸಿ ಜೇಬಿಗೆ ಹಾಕಿಕೊಂಡನಂತೆ. ಅದನ್ನು ಕೇಳಿದ ದಿನ ಅವಳು ಗಿರಣಿಗೆ ಬಂದವರನ್ನೆಲ್ಲ ಬೈದಳು.

"ಇಷ್ಟಕ್ಕ ಬಿಡಾಕಿ ಅಲ್ಲ ನೀ," ಎಂದ ಗಂಡ ಪುಂಡಲೀಕ, ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ.

"ರಸ್ತಾ ಏನ್ ಅವರಪ್ಪಂದ?" ಎಂದಳು ಅವಳು.

ರೈಡಿನ ಬೆಳಿಗ್ಗೆ ಬ್ಯಾನರು ಕಟ್ಟುವ ಮೊದಲೇ ರಾಜಶ್ರೀ ಮತ್ತು ಶಿವವ್ವ ಹೊರಟಾಗಿತ್ತು. ಕಾಡಿನ ದಾರಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಇದಿರುಗಾಳಿ ಬೇರೆ. ಏರಿನಲ್ಲಿ ಶಿವವ್ವ ಇಳಿದು ನೂಕುತ್ತಿದ್ದಳು, ಸಮ ಬಂದಲ್ಲಿ ಮತ್ತೆ ಹತ್ತುತ್ತಿದ್ದಳು. ರಾಜಶ್ರೀ ಪದೇ ಪದೇ ಹಿಂತಿರುಗಿ ನೋಡುತ್ತಿದ್ದಳು. ಹಳಿಯಾಳದ ಗದ್ದೆಗಳು ಕಾಣುವ ಹೊತ್ತಿಗೆ ಹಿಂದಿನಿಂದ ಚೈನುಗಳ ಸರಸರ ಸದ್ದು ಬಂತು. ಹೊಸ ಅಂಗಿಯ ಸಾಲು, ಮುಂದೆ ಸಾಗರ. "ವೈನಿ, ಶಾಭಾಸ್!" ಎನ್ನುತ್ತ ದಾಟಿಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ದಾಟಿದರು. ಶರಣಬಸವ ಅವಳ ಮುಖ ನೋಡಲಾರದೆ ಇನ್ನೊಂದು ಕಡೆ ನೋಡುತ್ತ ಹೋದ. ಮೌನೇಶ ಮೇಷ್ಟ್ರು ಮಾತ್ರ ದಾಟಲಿಲ್ಲ. ಶಿವವ್ವನ ಹಿಂದೆ ಬ್ರೇಕು ಹಿಡಿದರು. ಅವರನ್ನು ನೋಡಿ ಒಬ್ಬ ನರ್ಸು ನಿಂತಳು, ಪಾಳಿ ಮುಗಿಸಿ ಬಂದಿದ್ದ ಇಬ್ಬರು ನಿಂತರು. ಅಷ್ಟೇ.

ಅಷ್ಟು ಸಾಕಾಗಬೇಕಿತ್ತು. ಆದರೆ ರಾಜಶ್ರೀಗೆ ಆ "ಶಾಭಾಸ್" ಕಿವಿಯಲ್ಲೇ ಕೂತಿತ್ತು. ಸಾಲಿನ ಹಿಂದಿನಿಂದ ಮುಂದಕ್ಕೆ ನುಗ್ಗಿ ಬಂದಳು.

"ಲಗೂ ತುಳಿ ಅಕ್ಕಾ! ಹಳಿಯಾಳದಾಗ ಅವರು ಚಹಾಕ್ಕ ನಿಲ್ತಾರ, ಅಲ್ಲಿ ಹಿಡೀಬಹುದು!"

ಶಿವವ್ವ ತುಳಿದಳು. ಉಸಿರು ಸಿಗದಷ್ಟು ತುಳಿದಳು. ಸ್ವಲ್ಪ ದೂರ ಹೋಗಿ ಸೈಕಲ್ ನಿಲ್ಲಿಸಿ, ಕಾಲು ನೆಲಕ್ಕೆ ಊರಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ರಾಜಿ, ನೀ ಯಾರ ಸಲುವಾಗಿ ಬಂದೀ?"

"ನಿನ್ನ ಸಲುವಾಗಿ ಅಲ್ಲೇನ?"

"ಅಲ್ಲ. ನೀ ಆ ಸಾಗರನ ಸಲುವಾಗಿ ಬಂದೀ. ನಿನಗ ಅವನ್ನ ಹಿಡೀಬೇಕು. ನನಗ ಸಾಂಬ್ರಾಣಿ ಬೇಕು. ನಮ್ಮ ಅಣ್ಣ ಮಹಾಂತಪ್ಪ ಫೋನಿನಾಗ ಏನಂದಾನ ಗೊತ್ತೈತೇನ? ಸೀರಿ ಉಟಗೊಂಡು ಸೈಕಲ್ ಮ್ಯಾಲೆ ಊರಾಗ ಬಂದ್ರ ನನ್ನ ಮಾನ ಏನಾಗಬೇಕು ಅಂದಾನ. ಅವನ ಬಾಗಿಲಕ ಹೋಗಿ ಗಂಟಿ ಹೊಡೀಬೇಕು ನಾ. ನಡುದಾರ್ಯಾಗ ಎದಿ ಒಡಕೊಂಡು ಬೀಳಾಕ ಬಂದಿಲ್ಲ. ಮುಂದ ಇರಾಕಿ ನಾ ಅಲ್ಲೇನ? ಹಂಗಾರ ಹಿಂದ ಹೋಗು."

ನಾಲ್ಕು ವರ್ಷದಲ್ಲಿ ರಾಜಶ್ರೀಗೆ ಹೀಗೆ ಯಾರೂ ಹೇಳಿರಲಿಲ್ಲ. ಕಟ್ಟಳೆ ಮಾಡಿದವಳೇ ಅದನ್ನು ಮುರಿದು ಸಿಕ್ಕಿಬಿದ್ದಿದ್ದಳು. ಸೀಟಿ ಇದ್ದಿದ್ದರೆ ಮೂರನೆಯದನ್ನು ತನಗೇ ಊದಿಕೊಳ್ಳಬೇಕಿತ್ತು. ಮೇಷ್ಟ್ರು ನಗು ತಡೆಯಲು ಬಾಟಲಿ ಎತ್ತಿ ನೀರು ಕುಡಿದರು. ಅವಳು ಸೈಕಲ್ ತಿರುಗಿಸಿ ಎಲ್ಲರ ಹಿಂದೆ ಹೋಗಿ ನಿಂತಳು. ಸಾಲು ಹೊರಟಿತು. ಹಳಿಯಾಳದಲ್ಲಿ ಸಾಗರನ ಜನ ಇದ್ದರೋ ಹೋಗಿದ್ದರೋ ಅವಳು ಕತ್ತೆತ್ತಿಯೂ ನೋಡಲಿಲ್ಲ.

ಸಾಂಬ್ರಾಣಿ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಶಿವವ್ವ ಊರ ಬಾಗಿಲಿನಿಂದಲೇ ಗಂಟೆ ಹೊಡೆಯಲು ಶುರುಮಾಡಿದಳು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರ ಹೆಬ್ಬೆರಳು ಗಂಟೆಯ ಮೇಲೆ. ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸಿದರು. ಬಾಗಿಲುಗಳಲ್ಲಿ ಹೆಂಗಸರ ತಲೆಗಳು ಕಂಡವು. ಅಣ್ಣ ಮಹಾಂತಪ್ಪ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ಶಿವವ್ವ ಅವನ ಕಾಲಿನ ಹತ್ತಿರ ತಂದು ಬ್ರೇಕು ಹಾಕಿದಳು, ಆಮೇಲೂ ಎರಡು ಸಲ ಗಂಟೆ ಹೊಡೆದಳು.

"ಬಂದ್ನೆಪಾ ಅಣ್ಣಾ. ಮಾನ ನೆಟ್ಟಗ ಐತಿಲ್ಲ?"

ಮಹಾಂತಪ್ಪನ ಮುಖ ಗಂಟಿಕ್ಕಿಕೊಂಡಿತು. ಏನಾದರೂ ಅನ್ನುವಷ್ಟರಲ್ಲಿ ಅವನ ಹೆಂಡತಿ ಕಾಶೆವ್ವ ಚರಿಗೆಯಲ್ಲಿ ನೀರು ಹಿಡಿದು ಅವನನ್ನು ಬದಿಗೆ ಸರಿಸಿಕೊಂಡು ಬಂದಳು. "ಮನಿ ಮಗಳು ಬಂದಾಳ, ಕಾಲಿಗೆ ನೀರು ಕೊಡೂದು ಬಿಟ್ಟು ಏನ್ ನೋಡ್ಕೋತ ನಿಂತೀರಿ?" ಎಂದು ಬಗ್ಗಿ ಶಿವವ್ವನ ಪಾದಕ್ಕೆ ನೀರು ಹಾಕಿದಳು. ಶಿವವ್ವ ಆಗ ಅತ್ತಳು. ರಾಜಶ್ರೀಯ ಕಣ್ಣೂ ತುಂಬಿ ಬಂತು, ಅವಳು ಬಿಸಿಲನ್ನು ಬೈದಳು.

ಎಲ್ಲರೂ ಮಜ್ಜಿಗೆ ಕುಡಿಯುತ್ತಿರುವಾಗ ಶರಣಬಸವ ಬಂದ. ಅವನ ಹೆಗಲ ಮೇಲೆ ಕೈಹಾಕಿ ಕುಂಟುತ್ತ ಸಾಗರ. ಇದಿರುಗಾಳಿಯಲ್ಲಿ ಎಲ್ಲರ ಮುಂದೆ ತುಳಿದದ್ದಕ್ಕೆ ಎರಡೂ ಮೀನಖಂಡ ಹಿಡಿದುಕೊಂಡಿದ್ದವು. ರೆಸಾರ್ಟಿನ ಗಾಡಿ ಪಾತ್ರೆ, ಬ್ಯಾನರು ಹೇರಿಕೊಂಡು ಆಗಲೇ ಹೋಗಿತ್ತು, ಕಾಡು ಹೊಕ್ಕ ಡ್ರೈವರನಿಗೆ ಫೋನೂ ಸಿಗಲಿಲ್ಲ. ಜೊತೆಗೆ ಬಂದಿದ್ದವರು ಸ್ವಲ್ಪ ಹೊತ್ತು ಕಾದು, ಮೀಟರು ನೋಡಿಕೊಂಡು, ಸರಾಸರಿ ಇಳಿಯುತ್ತದೆಂದು ಹೊರಟುಬಿಟ್ಟಿದ್ದರು. ಕಟ್ಟಳೆ ಮಾಡಿದವನು ಸಾಗರನೇ, ಅವರನ್ನು ಬೈಯುವುದಕ್ಕೂ ಅವನಿಗೆ ಬಾಯಿರಲಿಲ್ಲ.

ರಾಜಶ್ರೀಯ ಹೊಟ್ಟೆ ತಣ್ಣಗಾಯಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ, ಮೀಸೆಯಿದ್ದಿದ್ದರೆ ತಿರುವುತ್ತಿದ್ದಳು. ಕಾಶೆವ್ವ ಕೊಟ್ಟ ಮಜ್ಜಿಗೆಗೆ ಶಿವವ್ವ ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿ ಸಾಗರನಿಗೆ ಕುಡಿಸಿದಳು.

"ನಾ ಬಸ್ಸಿಗೆ ಹೋಗ್ತೇನ್ರಿ ವೈನಿ," ಎಂದ ಅವನು ನೆಲ ನೋಡುತ್ತ. "ಸೈಕಲ್ ಇಲ್ಲೇ ಇರ್ಲಿ. ನನ್ನಿಂದ ನಿಮಗೆಲ್ಲಾ ತಡ ಆಕ್ಕೈತಿ."

ಬಿಟ್ಟುಬಿಡಬಹುದಿತ್ತು. ಬಸ್ಸು ಹತ್ತಿಸಿ, "ಶಾಭಾಸ್" ಎಂದು ಕೈಬೀಸಬಹುದಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹಾಗೆ ಮಾಡಿದರೆ ಕಟ್ಟಳೆ ಸಾಗರನದಾಗುತ್ತದೆ, ತನ್ನದಲ್ಲ ಎನ್ನುವುದು ರಾಜಶ್ರೀಗೆ ಹೊಳೆಯಿತು. ಅದಕ್ಕೆ ಅವಳಿಗೆ ಮತ್ತೆ ಸಿಟ್ಟು ಬಂತು.

"ಏನ್ ತಡ? ಯಾರಿಗೆ ತಡ? ಬಳಗದ ಕೂಡ ಬಂದವರು ಬಳಗದ ಕೂಡ ಹೋಗ್ತಾರ. ಇವತ್ತ ಎಲ್ಲಾರಕಿಂತ ದಣಿದವರು ನೀವ. ಮುಂದ ನಡೀರಿ."

"ಎಲ್ಲಾರ ಮುಂದ ಕುಂಟಕೋತ? ಬ್ಯಾಡ್ರಿ, ಮಂದಿ ನೋಡ್ತಾರ."

"ಶಿವವ್ವಕ್ಕನ್ನ ಎರಡು ವರ್ಷ ನೋಡ್ಯಾರ," ಎಂದಳು ರಾಜಶ್ರೀ. "ಆಕಿಗೆ ಏನಾಗೇತಿ?"

ಮೌನೇಶ ಮೇಷ್ಟ್ರು ಅವನ ಸೈಕಲ್ ತಂದು ಮುಂದೆ ನಿಲ್ಲಿಸಿದರು. ಶರಣಬಸವ ಜೇಬಿನಿಂದ ಸೀಟಿ ತೆಗೆದು, "ತಗೋರಿ ಅಕ್ಕಾರ, ನನಗ ಊದಾಕೂ ಬರಂಗಿಲ್ಲ," ಎಂದ. ಅವಳು ಅದನ್ನು ದುಪ್ಪಟ್ಟಾದಿಂದ ಚೆನ್ನಾಗಿ ಉಜ್ಜಿ ಕೊರಳಿಗೆ ಹಾಕಿಕೊಂಡಳು. ಇನ್ನೂ ಭಜಿಯ ವಾಸನೆ ಇತ್ತು.

ಹೊರಟರು. ಮುಂದೆ ಸಾಗರ, ಅವನ ಹಿಂದೆ ಶಿವವ್ವ, ಆಮೇಲೆ ಉಳಿದವರು, ಕೊನೆಗೆ ರಾಜಶ್ರೀ. ಊರು ದಾಟುವ ತನಕ ಸಾಗರನ ಕಿವಿ ಕೆಂಪಗಿತ್ತು. ಒಮ್ಮೆ ಜೋರಾಗಿ ತುಳಿಯಲು ಹೋಗಿ "ಅಯ್ಯೋ" ಎಂದ.

"ಮೆಲ್ಲಕ ತುಳೀರಿ ಸಾಹೇಬ್ರ," ಎಂದಳು ಹಿಂದಿನಿಂದ ಶಿವವ್ವ. "ನಾವ ನಿಮ್ಮನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ."

ಹಳಿಯಾಳದ ಕಡೆಯ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಿಂದಿನಿಂದ ಗಡಗಡ ಬಂತು. ರಾಜಶ್ರೀ ಒಂದು ಸಲ ಸೀಟಿ ಊದಿದಳು. ಸಾಲಿನ ಎಲ್ಲರೂ ಎಡಕ್ಕೆ ಸರಿದರು. ಎಲ್ಲರಿಗಿಂತ ಮುಂದಿದ್ದ ಸಾಗರ ಮೀಟರು ನೋಡದೆ, ಹಿಂತಿರುಗಿಯೂ ನೋಡದೆ, ಎಲ್ಲರಿಗಿಂತ ಮೊದಲು ಸರಿದ.