ಎರಡೇ ಹಿಡಿ ಹುರುಳಿ

ಇವತ್ತು ನರಸಿಂಹರಾಜಪುರದಲ್ಲಿ ಯಾರದೋ ಕೊಟ್ಟಿಗೆಯ ಅಕ್ಕಚ್ಚಿನ ಹುಳಿವಾಸನೆ ಮೂಗಿಗೆ ಬಡಿದದ್ದೇ ಕಾಸಿಂ ಸಾಬರ ಕುದುರೆ ನೆನಪಾಯಿತು.

ಜಟಕಾ ಹೊಡೆಯುತ್ತಿದ್ದ ಸಾಬರು ನನ್ನ ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯವರು. ಬೆಳಿಗ್ಗೆ ಕುದುರೆಯ ಹೊಟ್ಟೆಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಒಳಗೆ ಗುಡುಗುಡು ಕೇಳಿಸಿದ ಮೇಲೆಯೇ ಹುಲ್ಲು, ಆಮೇಲೆ ನೆನೆಸಿದ ಹುರುಳಿ. ಅದೂ ಎರಡೇ ಹಿಡಿ. ಜಿಪುಣ ಮುದುಕ ಎಂದುಕೊಂಡಿದ್ದೆ ನಾನು. ನಮ್ಮ ಮನೆಯಲ್ಲಿ ಹಬ್ಬದ ದಿನ ಮಿಕ್ಕ ಅನ್ನ, ಪಾಯಸವೆಲ್ಲ ಅಕ್ಕಿ ತೊಳೆದ ನೀರಿನ ಜೊತೆ ದನಗಳ ಅಕ್ಕಚ್ಚಿನ ಬಾನಿಗೇ ಬೀಳುತ್ತಿತ್ತು.

ಅಂಥದೊಂದು ಹಬ್ಬದ ಮಧ್ಯಾಹ್ನ ಸಾಬರು ನಮಾಜಿಗೆ ಹೋದಾಗ, ಆ ಬಾನಿಯಿಂದ ಒಂದು ಬಕೆಟ್ ತುಂಬಿ ಕುದುರೆಯ ಮುಂದಿಟ್ಟೆ. ಅದು ತಳದವರೆಗೂ ನೆಕ್ಕಿತು.

ಸಂಜೆ ಕುದುರೆ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಮತ್ತೆ ಮತ್ತೆ ತನ್ನ ಹೊಟ್ಟೆಯತ್ತಲೇ ತಿರುಗಿ ನೋಡುತ್ತಿತ್ತು.

"ದನವಾದ್ರೆ ಮೆಲುಕು ಹಾಕ್ತದೆ ಮಾರಾಯ್ರೆ. ಇದಕ್ಕೆ ವಾಂತಿ ಕೂಡ ಆಗಲ್ಲ, ತಿಂದಿದ್ದು ಒಳಗೇ ಉಳೀತದೆ," ಎಂದರು ಸಾಬರು ಅಪ್ಪನಿಗೆ. ಆಮೇಲೆ ನನ್ನನ್ನು ಕೇಳಿದರು, "ಎಂತಾದ್ರೂ ಹಾಕಿದ್ಯಾ ಮಗಾ? ಹೇಳು, ಬೈಯಲ್ಲ."

"ಇಲ್ಲ," ಎಂದೆ.

"ಹಂಗಾದ್ರೆ ನನ್ನ ಹುರುಳೀನೇ ನೆಂದಿರ್ಲಿಲ್ಲ," ಎಂದು ಹೊಟ್ಟೆಗೆ ಕಿವಿಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಕುದುರೆ ಸತ್ತಿತ್ತು.

ಆ ವಾಸನೆಯೇ ಇವತ್ತು ನನ್ನನ್ನು ಇಲ್ಲೇ ಇರುವ ಅವರ ಮಗಳ ಮನೆಗೆ ಎಳೆದೊಯ್ದಿತು. ಚಹಾ ಕೊಡುತ್ತಾ ಅವಳು ನಕ್ಕಳು: "ನಮ್ಮಬ್ಬ ಸಾಯೋ ತನಕ, ನಾವು ಸಾರಿಗೆ ಹುರುಳಿ ನೆನೆಸಿದ್ರೂ ಬಂದು ಒಂದೊಂದೇ ಕಾಳು ಹಿಸುಕಿ ನೋಡೋರು. ಯಾಕೋ ಏನೋ!"

ನಾನು ಚಹಾ ಕುಡಿದು ಎದ್ದು ಬಂದೆ.