ತೊಂಬತ್ತಾರರಿಂದ ಎಪ್ಪತ್ತೆಂಟಕ್ಕೆ

ಕೈ ತೊಳೆಯುವಾಗ ನನ್ನ ಗಂಡನ ಮದುವೆಯ ಉಂಗುರ ತಾನಾಗಿ ಜಾರಿ ಬಚ್ಚಲಿಗೆ ಬಿದ್ದ ದಿನದಿಂದ ನನಗೊಂದು ಚಿಂತೆ ಹತ್ತಿಕೊಂಡಿತ್ತು. ತೂಕ ಇಳಿಯಲಿ ಎಂದು ಹರಕೆ ಹೊತ್ತವಳು ನಾನೇ. ಆದರೆ ಬೆರಳೂ ಇಷ್ಟು ಸೊರಗುತ್ತದೆಯೇ?

ವಿಶ್ವಪ್ರಿಯ ಕುರುಗೋಡಿನ ಹೈಸ್ಕೂಲಿನಲ್ಲಿ ಗುಮಾಸ್ತರು. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ವಯಸ್ಸು ಮೂವತ್ತನಾಲ್ಕು, ಯುಗಾದಿಯ ಹೊತ್ತಿಗೆ ತೊಂಬತ್ತಾರು ಕಿಲೋ. ಮಂಡಕ್ಕಿ ಒಗ್ಗರಣಿ-ಮಿರ್ಚಿಯ ವಾಸನೆ ಬಂದರೆ ಬಸ್ಸು ತಪ್ಪಿಸಿಕೊಳ್ಳುವ ಮನುಷ್ಯ. ಒಂದು ದಿನ ಶಾಲೆಯ ಜವಾನ ಮಾರೆಣ್ಣ, "ಸರ, ನಿಮಗಿಂತ ಮೊದ್ಲು ನಿಮ್ಮ ಕುರ್ಚಿ ರಿಟೈರ್ ಆಕ್ಕೈತಿ ನೋಡ್ರಿ" ಅಂದನಂತೆ. ಇವರು ನಗುತ್ತಲೇ ಮನೆಗೆ ಬಂದರು, ಅಂದಿನಿಂದ ರಾತ್ರಿಯ ಅನ್ನ ಬಿಟ್ಟರು.

ಜೋಳದ ರೊಟ್ಟಿ, ಸೊಪ್ಪು, ಕೋಸಂಬರಿ. ಬೆಳಿಗ್ಗೆ ಕೋಟೆಯ ಬುಡದಲ್ಲಿ ನಡಿಗೆ. ಏಕಾದಶಿಗೆ ಹನಿ ನೀರೂ ಇಲ್ಲದ ಉಪವಾಸ. ಶ್ರಾವಣಕ್ಕೆ ಎಪ್ಪತ್ತೆಂಟು ಕಿಲೋ. ಹಳೆಯ ಫೋಟೋ, ಹೊಸ ಫೋಟೋ ಜೋಡಿಸಿ ಗೆಳತಿಯರಿಗೆಲ್ಲ ಕಳಿಸಿದೆ. ಸಿರುಗುಪ್ಪದಿಂದ ಅತ್ತೆ ವಿಜಯಾಬಾಯಿ ಫೋನು ಮಾಡಿ, "ಜಿಮ್ಮು ಗಿಮ್ಮು ಅಂತಿದ್ದೆಲ್ಲ ಸಂಪದಾ, ನಮ್ಮ ಏಕಾದಶಿ ಮುಂದ ಅವೆಲ್ಲ ಯಾವ ಲೆಕ್ಕ?" ಎಂದರು. ಭಜನಾ ಮಂಡಳಿಯಲ್ಲೂ ಅದನ್ನೇ ಹೇಳಿಕೊಂಡರು.

ಇವರು ಮಾತ್ರ ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು, ಬಸ್ಸಿಳಿದು ಬಂದವರೇ ಬಚ್ಚಲಿಗೆ ಓಡುತ್ತಿದ್ದರು. ಬಳ್ಳಾರಿಯ ಬಿಸಿಲು ಎಂದುಕೊಂಡೆ. ಬಿಸಿಲು ಇಳಿದರೂ ಅದು ನಿಲ್ಲಲಿಲ್ಲ.

ಕಳೆದ ಭಾನುವಾರ ಏಕಾದಶಿ. ಮಧ್ಯಾಹ್ನ ಮಗಳ ಲಸಿಕೆ ಕಾರ್ಡು ಹುಡುಕುತ್ತ ಅವರ ಬ್ಯಾಗು ತೆರೆದೆ. ಪಂಚಾಂಗದ ನಡುವೆ ಮಡಚಿಟ್ಟ ಚೀಟಿ ಸಿಕ್ಕಿತು. ಎರಡು ತಿಂಗಳ ಹಿಂದೆ ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದ್ದು. ರಕ್ತದಲ್ಲಿ ಸಕ್ಕರೆ ಮುನ್ನೂರ ನಲವತ್ತು. ಕೆಳಗೆ ಡಾಕ್ಟರರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ತೂಕ ಇಷ್ಟು ಬೇಗ ಇಳಿಯುತ್ತಿರುವುದು ಇದರಿಂದಲೇ. ಈ ಮಾತ್ರೆ ನುಂಗಿ ಉಪವಾಸ ಇರಬಾರದು, ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ನಡುಕ, ಬೆವರು ಬಂದರೆ ಕೂಡಲೇ ಸಕ್ಕರೆ ಕೊಡಿ." ಜೊತೆಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ.

ನಾನು ಊರಿಗೆಲ್ಲ ಫೋಟೋ ತೆಗೆದು ಹಂಚಿದ್ದು ಒಂದು ಕಾಯಿಲೆಯನ್ನು.

ಪಡಸಾಲೆಗೆ ಓಡಿದೆ. ಅವರು ಗೋಡೆಗೊರಗಿ ಕೂತಿದ್ದರು. ಬನಿಯನ್ನು ತೊಯ್ದಿತ್ತು, ಕೈ ನಡುಗುತ್ತಿತ್ತು.

"ಇವತ್ತು ಮಾತ್ರಿ ತೊಗೊಂಡೀರೇನ್ರಿ?"

ಚೀಟಿ ನೋಡಿ ಕಣ್ಣು ತಗ್ಗಿಸಿದರು. "ತೊಗೊಂಡೆ. ಹಂಗೇ ನುಂಗೀನಿ, ನೀರು ಕುಡದಿಲ್ಲ."

ವ್ರತ ಕೆಡಬಾರದೆಂದು ಮಾತ್ರೆಯನ್ನು ಒಣಗಂಟಲಲ್ಲಿ ನುಂಗಿದ್ದರು. ಸಕ್ಕರೆ ನೀರು ಕಲಸಿ ತಂದು ಬಾಯಿಗೆ ಹಿಡಿದೆ. ಮುಖ ತಿರುಗಿಸಿದರು.

"ನಾಳೆ ಪಾರಣಿಗೆ ಕುಡೀತೀನಿ. ಅಮ್ಮಗ ಮಾತು ಕೊಟ್ಟೀನಿ. ಆಕಿಗೆ ಇದು ಹೇಳಬ್ಯಾಡ. ಅಪ್ಪನ ಕಾಲು ತಗದದ್ದು ನೋಡ್ಯಾಳ ಆಕಿ, ತಡಕೊಳ್ಳೂದಿಲ್ಲ."

ಮಾವ ಹೋದದ್ದು ಇದೇ ಸಕ್ಕರೆ ಕಾಯಿಲೆಯಿಂದ. ಫೋನು ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ, ಇಟ್ಟೆ. ಅವರ ಮಾತು ತೊದಲತೊಡಗಿತು. ಎರಡು ವರ್ಷದ ಮಗಳು ಅಪ್ಪನ ಹಣೆಯ ಬೆವರನ್ನು ತನ್ನ ಲಂಗದಿಂದ ಒರೆಸುತ್ತಿದ್ದಳು. ಸಿರುಗುಪ್ಪದ ನಂಬರು ಒತ್ತಿದೆ.

"ಅತ್ತಿ, ಇವರಿಗೆ ಸಕ್ಕರಿ ಕಾಯಿಲೆ ಅದ. ಮಾತ್ರಿ ನುಂಗಿ ಉಪಾಸ ಕೂತಾರ. ಈಗಿಂದೀಗ ಸಕ್ಕರಿ ನೀರು ಕುಡೀಲಿಕ್ಕೇ ಬೇಕು, ನನ್ನ ಮಾತು ಕೇಳವಲ್ಲರು."

ಇದನ್ನು ಕೇಳಿ ಅತ್ತೆ ಕುಸಿದುಬಿಡುತ್ತಾರೆ ಎಂದುಕೊಂಡಿದ್ದೆ.

"ಫೋನು ಅವನ ಕಿವಿಗಿಡು," ಎಂದರು ಅತ್ತೆ. ಇಟ್ಟೆ. ಅವರ ದನಿ ನನಗೂ ಕೇಳುತ್ತಿತ್ತು.

"ಲೇ ವಿಶ್ವಾ, ನಿಮ್ಮಪ್ಪನೂ ಹಿಂಗೇ ನನಗ ಮುಚ್ಚಿಟ್ರು. ಏಕಾದಶಿ ಪಾಪ ನನಗಿರ್ಲಿ. ಬಾಯಿ ತಗಿ."

ಲೋಟ ಅವರ ಹಲ್ಲಿಗೆ ತಾಗಿ ಕಟಕಟ ಎಂದಿತು.