ಅಪ್ಪನ ಮಾತಿನ ತುದಿ

“ಏಳ್ಲಾ, ಹೋಗವ” ಎನ್ನುತ್ತಾ ದೊಡ್ಡಪ್ಪ ಹೆಗಲ ಟವಲ್ ಕೊಡವಿ ಎದ್ದೇಬಿಟ್ಟ. ನನ್ನ ತಟ್ಟೆಯಲ್ಲಿ ಉಪ್ಪಿಟ್ಟು ಇನ್ನೂ ಅರ್ಧ ಇತ್ತು.

ಮಿರ್ಲೆಗೆ ಹೆಣ್ಣು ನೋಡಲು ಹೋಗಿದ್ದೆವು. ಗಂಡು ನಾನೇ. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಅವಳಪ್ಪ ನನ್ನಪ್ಪನ ಕಡೆ ತಿರುಗಿ, “ನೀವೇನಂತೀರಿ ಗೌಡ್ರೆ?” ಎಂದು ಕೇಳಿದ್ದರು. ಅಪ್ಪ, “ಈ ಮಗು ನಮ್ಮನೆಗೆ ಸೊಸೆಯಾಗಿ...” ಎಂದು ಶುರುಮಾಡಿ ಅಲ್ಲೇ ಸಿಕ್ಕಿಕೊಂಡಿದ್ದ. ಅಪ್ಪನಿಗೆ ಉಗ್ಗು. ಮುಂದಿನ ಮಾತು ಗಂಟಲಲ್ಲಿ ಒದ್ದಾಡುತ್ತಿರುವಾಗಲೇ ದೊಡ್ಡಪ್ಪ, “ಬರಾದು ಬ್ಯಾಡ ಅಂತಾವ್ನೆ” ಎಂದು ತಾನೇ ಮುಗಿಸಿಬಿಟ್ಟಿದ್ದ.

ಅದು ಸುಳ್ಳು. ಕಾಫಿ ಲೋಟ ಹಿಡಿದು ಅಪ್ಪ ಆ ಹುಡುಗಿಯನ್ನು ನೋಡಿದ್ದು, ಆಗತಾನೇ ಎದ್ದು ನಿಂತ ಕರುವನ್ನು ನೋಡುವ ಹಾಗಿತ್ತು. ನನಗೂ ಇವಳೇ ಆಗಬೇಕಿತ್ತು. ದೊಡ್ಡಪ್ಪನಿಗೆ ಮಾತ್ರ ತನ್ನ ಹೆಂಡತಿಯ ತಮ್ಮನ ಮಗಳನ್ನು ನನಗೆ ತರುವ ಆಸೆ. ಹೆಣ್ಣು ನೋಡಲು ಹೋದ ಗಂಡು ಬಾಯಿ ಬಿಡುವುದು ನಮ್ಮ ಕಡೆ ಇಲ್ಲ, ಹಿರಿಯರೇ ಹೇಳಬೇಕು.

ನಾನು ಓದಿದ್ದು ಏಳನೇ ಕ್ಲಾಸು. ವ್ಯಾಕರಣದಲ್ಲಿ ನೆನಪಿರುವುದು ಒಂದೇ: ಮೇಷ್ಟ್ರು ಬೋರ್ಡಿನ ಬಲತುದಿಯನ್ನು ಬೆತ್ತದಿಂದ ಕುಟ್ಟಿ, ಕ್ರಿಯಾಪದ ಇಲ್ಲಿ ಬರಬೇಕು ಎಂದದ್ದು. ಅದು ಯಾಕೆ ಬೇಕು ಎಂದು ಆಗ ಗೊತ್ತಾಗಲಿಲ್ಲ. ಮಿರ್ಲೆಯ ಆ ಜಗಲಿಯಲ್ಲಿ ಗೊತ್ತಾಯಿತು. ನಮ್ಮ ಮಾತಿನಲ್ಲಿ ಯಾರು, ಏನು, ಎಲ್ಲಿ ಎಲ್ಲವೂ ಮೊದಲೇ ಬಂದು ಕೂರುತ್ತವೆ. ಬರಲಿಯೋ ಬೇಡವೋ ಎನ್ನುವುದು ಮಾತ್ರ ಕಟ್ಟಕಡೆಗೆ. ಅಲ್ಲಿಯವರೆಗೆ ನಡೆಯಲಾರದವನ ಇಷ್ಟ ಪಕ್ಕದಲ್ಲಿ ಕೂತವನ ಪಾಲು. ದೊಡ್ಡಪ್ಪ ಕೆಟ್ಟವನಲ್ಲ, ನೋಡಿ. ಚಿಕ್ಕಂದಿನಿಂದ ತಮ್ಮನ ಮಾತಿಗೆ ತುದಿ ಕಟ್ಟುತ್ತಾ ಬಂದವನು. ಸಂತೆಯಲ್ಲಿ, ಬಸ್ಸಿನಲ್ಲಿ, ಬಹಳ ಸಲ ಸರಿಯಾಗಿಯೇ. ಕಟ್ಟಿ ಕಟ್ಟಿ ಆ ತುದಿ ತನ್ನದೇ ಎಂದುಕೊಂಡಿದ್ದ, ಅಷ್ಟೇ.

ಮೇಷ್ಟ್ರು ಹೇಳಿದ್ದೂ ಪೂರ್ತಿ ನಿಜವಲ್ಲ. ರಾಗಿ ಹೊಲಕ್ಕೆ ಆನೆ ನುಗ್ಗಿದರೆ ನಾವು “ಬಂತು ಕಣ್ರೋ ಆನೆ!” ಎಂದೇ ಕೂಗುವುದು. ಅವ್ವ ಮುದ್ದೆ ಇಟ್ಟು “ತಿನ್ಲಾ ಬಿಸಿಯಾಗೆ” ಎನ್ನುತ್ತಾಳೆ. ಅಪ್ಪ ಎತ್ತಿನ ಕತ್ತು ತಡವುತ್ತಾ “ಬಾ ನನ್ನಪ್ಪ, ನಿಲ್ಲು ನನ್ರಾಜ” ಎನ್ನುವಾಗ ಉಗ್ಗುವುದೇ ಇಲ್ಲ. ದಿಗಿಲೂ ಅಕ್ಕರೆಯೂ ಸರದಿಯಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ನುಗ್ಗುತ್ತವೆ.

ದೊಡ್ಡಪ್ಪ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಹುಡುಗಿಯ ಅಪ್ಪನ ಮುಖ ಇಳಿದುಹೋಗಿತ್ತು. ಆಗ ಬಾಗಿಲ ಹಿಂದಿನಿಂದ ಅವಳ ದನಿ ಬಂತು.

“ಅಪ್ಪಾ, ಅವ್ರಿನ್ನೂ ಮಾತು ಮುಗಿಸಿಲ್ಲ ಕಣಪ್ಪ. ವಸಿ ತಡ್ಕೊ.”

“ಅಲಲಾ, ಉಡ್ಗಿ ಬಾಯಿ ನೋಡು!” ಎಂದ ದೊಡ್ಡಪ್ಪ. “ಈಗ್ಲೇ ಇಂಗೆ!”

“ಕೂತ್ಕಳಿ ಅಣ್ಣ, ಯೋಳ್ಲಿ ಅವ್ರು” ಎಂದರು ಅವಳಪ್ಪ.

ದೊಡ್ಡಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ನಿಂತ. ಅಪ್ಪ ಕಣ್ಣುಮುಚ್ಚಿ ಮತ್ತೆ ಅದೇ ದಾರಿ ಹಿಡಿದ. “ಈ ಮಗು ನಮ್ಮನೆಗೆ...” ಮತ್ತೆ ಅಲ್ಲೇ ನಿಂತಿತು. ಈ ಸಲ ಯಾರೂ ತುದಿ ಕಟ್ಟಲಿಲ್ಲ. ಅಪ್ಪ ಉಸಿರು ಬಿಟ್ಟ. ಬಾಗಿಲ ಕಡೆ ತಿರುಗಿದ. ಆಮೇಲೆ ಕೊಟ್ಟಿಗೆಯ ದನಿಯಲ್ಲಿ, “ಬಾ!” ಎಂದ. “ಬಾ ನನ್ನವ್ವ ನಮ್ಮನೆಗೆ.”

“ಎತ್ತುಗಳ್ನ ಕರ್ದಂಗೆ ಕರೀತಿಯಲ್ಲೋ!” ಎಂದು ದೊಡ್ಡಪ್ಪನೇ ಮೊದಲು ನಕ್ಕ. ಚಪ್ಪಲಿ ಬಿಟ್ಟು ಕೂತು, ಇನ್ನೊಂದು ಲೋಟ ಕಾಫಿ ಕೇಳಿದ.

ಬಂದಳು ಅವಳು. ಈಗ ಬೆಳಿಗ್ಗೆ ಅಪ್ಪ ತಟ್ಟೆಯ ಮುಂದೆ ಕೂತು “ಇನ್ನೊಂದು ಸೌಟು ಉಪ್ಪಿಟ್ಟು...” ಎಂದು ನಿಂತರೆ, ಅವಳೂ ಸೌಟು ಹಿಡಿದು ನಿಲ್ಲುತ್ತಾಳೆ. ಹಾಕುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ನನಗೆ ಹೊಲಕ್ಕೆ ಹೊತ್ತಾಗಿರುತ್ತದೆ, ಬಾಯಿ ಹಾಕಲು ಹೋಗುತ್ತೇನೆ. ಅವಳು ನನ್ನ ಕಡೆ ಒಂದು ನೋಟ ಬಿಡುತ್ತಾಳೆ, ಸುಮ್ಮನಾಗುತ್ತೇನೆ. ಅಪ್ಪ ನಿಧಾನವಾಗಿ ತುದಿ ಮುಟ್ಟುತ್ತಾನೆ. ಒಂದೊಂದು ದಿನ ಅದು “ಬೇಡ ಕಣವ್ವ” ಎಂದಿರುತ್ತದೆ.

ಅವತ್ತು ಮಿರ್ಲೆಯಲ್ಲಿ ಉಪ್ಪಿಟ್ಟು ತಣ್ಣಗಾಗಿತ್ತು. ಪೂರಾ ತಿಂದೆ. ಇಷ್ಟೇ ನಾನು ಹೇಳುವುದು, ಇನ್ನೇನೂ ಇಲ್ಲ.